ಬಂದಿದೆ, ಆದ್ರೆ ಬಂದಿಲ್ಲ

ಗೋದಾಮಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಚೀಟಿಯಕ್ಕ ಎಂದು. ಚೀಟಿ ಇಲ್ಲದೆ ಅವಳ ಕೈಯಿಂದ ಒಂದು ಮೊಳೆಯೂ ಹೊರಗೆ ಹೋಗುತ್ತಿರಲಿಲ್ಲ. ಜಪ್ಪಯ್ಯ ಅಂದರೂ ಇಲ್ಲ. ಬೇಕಾದವರು ಇಂಡೆಂಟ್ ಎಂಬ ಬೇಡಿಕೆ ಚೀಟಿ ತರಬೇಕು, ಅದಕ್ಕೆ ಮೇಲಿನವರ ಸಹಿ ಇರಬೇಕು, ಕೊಟ್ಟಿದ್ದನ್ನು ಕಪಾಟಿಗೆ ನೇತುಹಾಕಿದ ಬಿನ್ ಕಾರ್ಡಿನಲ್ಲಿ ಕಳೆದು ಬರೆಯಬೇಕು. ಹಿಂದಿನ ಸ್ಟೋರ್ ಕೀಪರ್ ಕಾಲದಲ್ಲಿ ಕಾರ್ಡು ಒಂದು ಹೇಳಿದರೆ ಕಪಾಟು ಇನ್ನೊಂದು ಹೇಳುತ್ತಿತ್ತು. ಪಾಪ, ಅವನ ಕೆಲಸ ಹೋದದ್ದೂ ಹಾಗೆಯೇ. ಇವಳ ಕಾಲದಲ್ಲಿ ಎರಡೂ ಒಂದೇ ಮಾತಾಡುತ್ತಿದ್ದವು. ಅದರ ಜಂಬವೂ ಅವಳಿಗೆ ತುಸು ಇತ್ತು.

ಅವಳ ಬಾಯಲ್ಲಿ ಸದಾ ಇದ್ದ ಮಾತು, "ಬಂದಿದೆ, ಆದ್ರೆ ಬಂದಿಲ್ಲ." ಲಾರಿಯಿಂದ ಇಳಿದ ಮಾತ್ರಕ್ಕೆ ಮಾಲು ಬಂದಂತಲ್ಲ. ತಪಾಸಣೆಯವನು ನೋಡಿ ಜಿಆರ್‌ಎನ್ ಎಂಬ ಸ್ವೀಕೃತಿ ಚೀಟಿಗೆ ಸಹಿ ಹಾಕುವವರೆಗೆ ಅದು ಹಳದಿ ಚೀಟಿ ಅಂಟಿಸಿಕೊಂಡು ಮೂಲೆಯಲ್ಲಿ ಕೂರಬೇಕು. ಕಣ್ಣೆದುರಿಗೇ ಇದ್ದರೂ ಅದನ್ನು ಮುಟ್ಟುವಂತಿಲ್ಲ.

ಆ ಬೆಳಿಗ್ಗೆ ಅವಳ ತಮ್ಮ ಸೇಫ್ಟಿ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಸ್ಟೋರಿನ ಕಿಟಕಿಗೆ ಬಂದ. ಅದೇ ಕಂಪನಿಯಲ್ಲಿ ಚಾವಣಿಯ ಶೀಟು ಜೋಡಿಸುವ ಕೆಲಸ ಅವನದು. ಅವರಿವರಿಗೆ ಹೇಳಿ ಆ ಕೆಲಸ ಕೊಡಿಸಿದವಳೂ ಅವಳೇ.

"ಅಕ್ಕ, ಇದರ ಕೊಕ್ಕೆ ಸವೆದಿದೆ, ಸರಿಯಾಗಿ ಕಚ್ಚಲ್ಲ. ಹೊಸದು ಕೊಡು."

ಇಂಡೆಂಟ್ ಸರಿಯಾಗಿತ್ತು. ಅವಳು ಹಳೆಯದನ್ನು ಪಡೆದು ವಾಪಸಾತಿ ಚೀಟಿ ಬರೆದಳು, ಗುಜರಿ ಎಂದು ಗುರುತು ಹಾಕಿ ಕತ್ತರಿ ಎತ್ತಿಕೊಂಡಳು. ಕೆಟ್ಟ ಬೆಲ್ಟನ್ನು ಕೂಡಲೇ ಕತ್ತರಿಸಬೇಕು, ಮತ್ತೆ ಯಾರೂ ಕಟ್ಟಿಕೊಳ್ಳಬಾರದು. ಒಳ್ಳೆಯ ನಿಯಮವೇ.

"ತಡಿಯೇ, ಮೊದ್ಲು ಹೊಸದು ಕೊಡು. ಆಮೇಲೆ ಕತ್ತರಿಸು."

"ನನಗೇ ಕೆಲಸ ಹೇಳಿಕೊಡ್ತೀಯಾ?" ಎಂದು ನಗುತ್ತಲೇ ಅವಳು ಪಟ್ಟಿಯನ್ನು ಎರಡು ತುಂಡು ಮಾಡಿದಳು.

ಹೋಗಿ ನೋಡಿದರೆ ಕಪಾಟು ಖಾಲಿ. ಕಾರ್ಡಿನಲ್ಲೂ ಸೊನ್ನೆ. ಹಿಂದಿನ ಸಂಜೆ ಕೊನೆಯದನ್ನು ಅವಳೇ ಕೊಟ್ಟು, ಅವಳೇ ಕಳೆದು ಬರೆದಿದ್ದಳು. ಅವಳು ಮರೆತಿದ್ದಳು, ಕಾರ್ಡು ಮರೆತಿರಲಿಲ್ಲ. ಹೊಸ ಬೆಲ್ಟುಗಳ ಪೆಟ್ಟಿಗೆ ಮೂಲೆಯಲ್ಲಿ ಹಳದಿ ಚೀಟಿಯೊಂದಿಗೆ ಕೂತಿತ್ತು.

"ಅಲ್ಲೇ ಇದೆಯಲ್ಲ," ಎಂದ ತಮ್ಮ.

"ಬಂದಿದೆ, ಆದ್ರೆ ಬಂದಿಲ್ಲ ಕಣೋ. ತಪಾಸಣೆಯವರು ಮಧ್ಯಾಹ್ನ ಬರ್ತಾರೆ. ಅಲ್ಲೀವರೆಗೆ ಮೇಲೆ ಹತ್ತಬೇಡ."

"ಮೇಸ್ತ್ರಿ ಕೇಳ್ಬೇಕಲ್ಲ."

"ಅಕ್ಕ ಬೇಡ ಅಂದಳು ಅನ್ನು."

"ಅದಕ್ಕೂ ಒಂದು ಚೀಟಿ ಬರ್ಕೊಡು," ಎಂದು ಕಣ್ಣು ಮಿಟುಕಿಸಿ ಹೊರಟುಹೋದ.

ಪೆಟ್ಟಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವಳು ಮತ್ತೆ ಮತ್ತೆ ಅದರ ಕಡೆ ನೋಡಿದಳು. ಊರವರಿಗೆಲ್ಲ ಇಲ್ಲ ಎಂದದ್ದನ್ನು ಒಡಹುಟ್ಟಿದವನಿಗೆ ಕೊಟ್ಟರೆ ನಾಲ್ಕು ಜನ ಏನೆಂದಾರು ಎಂದುಕೊಂಡಳು. ಆ ನಾಲ್ಕು ಜನ ಯಾರೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಊಟದ ಗಂಟೆಗೆ ಮುಂಚೆ ಪಕ್ಕದ ಶೆಡ್ಡಿನ ಮೇಲೆ ಶೀಟು ಮುರಿದ ಸದ್ದಾಯಿತು. ಅದರ ಬೆನ್ನಿಗೇ ಕೆಳಗೆ ಇನ್ನೊಂದು ಸದ್ದು. ಅವಳು ಓಡಿ ಹೋದಾಗ ಸುತ್ತುಗಟ್ಟಿದ್ದ ಜನ ಅವಳನ್ನು ಕಂಡು ದಾರಿ ಬಿಟ್ಟರು. ತಮ್ಮನ ಉಸಿರು ಆಗಲೇ ನಿಂತಿತ್ತು. ಸೊಂಟಕ್ಕೆ ಒಂದು ಹಳೆಯ ಹಗ್ಗ ಕಟ್ಟಿಕೊಂಡಿದ್ದ, ಅದು ತುಂಡಾಗಿತ್ತು.

ತಪಾಸಣೆಯವನು ಹೇಳಿದಂತೆ ಮಧ್ಯಾಹ್ನವೇ ಬಂದ. ಬೆಲ್ಟುಗಳನ್ನು ಎಳೆದು ನೋಡಿದ, ಎಲ್ಲ ಗಟ್ಟಿಯಾಗಿವೆ ಎಂದು ಸಹಿ ಹಾಕಿದ, ಹಳದಿ ಚೀಟಿ ಕಿತ್ತುಹಾಕಿದ. ಮ್ಯಾನೇಜರ್ ಆಸ್ಪತ್ರೆಗೇ ಬಂದು ಮೆಲ್ಲಗೆ ಹೇಳಿದ, "ನೀವು ಹೆದರ್ಬೇಡಿ ಅಮ್ಮ. ನಿಮ್ಮ ಕಾಗದಪತ್ರ ಎಲ್ಲ ಸರಿಯಾಗಿದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅಷ್ಟು ಸರಿಯಾಗಿದ್ದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಸಂಜೆ ಆಂಬುಲೆನ್ಸ್ ಅವರ ಬೀದಿಯ ತುದಿಯಲ್ಲಿ ನಿಂತಿತು. ಅಮ್ಮನಿಗೆ ಇನ್ನೂ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅವಳು ಮುಂದಾಗಿ ನಡೆದು ಬಂದು ಬಾಗಿಲಿಗೆ ಅಡ್ಡ ನಿಂತಳು. ಅಮ್ಮ ಒಲೆಯ ಮುಂದಿನಿಂದ ತಿರುಗದೆಯೇ ಕೇಳಿದಳು.

"ತಮ್ಮ ಬಂದನೇನೇ?"

"ಬಂದಿದ್ದಾನಮ್ಮ. ಆದ್ರೆ..." ಎಂದಳು. ಉಳಿದರ್ಧ ಅವಳಿಗೆ ಬಾಯಿಪಾಠವಾಗಿತ್ತು.

"ಆದ್ರೆ ಏನು? ಹೊರಗ್ಯಾಕೆ ನಿಲ್ಲಿಸಿದೀಯ, ಒಳಗೆ ಕರಿ," ಎಂದಳು ಅಮ್ಮ. "ಮನೆಗೆ ಬರೋಕೂ ನಿನ್ನ ಚೀಟಿ ಬೇಕಾ ಅವನಿಗೆ?"

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.