ಗುಂಡಮ್ಮ ಬಿಟ್ಟ ಜಾಗ

ಖಟಕ ಚಿಂಚೋಳಿಯ ಸುಭದ್ರಾಬಾಯಿಯ ಮನೆ ಮುಟ್ಟಿದಾಗ ವಿಶಾಖಾಳ ಫೋನಿನಲ್ಲಿ ನಾಲ್ಕು ಗಂಟೆ ಹನ್ನೆರಡು ನಿಮಿಷ. ಆರರೊಳಗೆ ಎಂಟು ಹಾಡುಗಳೂ, ಹಾಡಿದವರ ಒಪ್ಪಿಗೆ ಪತ್ರಗಳೂ ಮುಂಬೈಯ ಸಂಗೀತ ಕಂಪನಿಗೆ ತಲುಪಬೇಕಿತ್ತು. ಏಳು ಹೋಗಿದ್ದವು. ಎಂಟನೆಯದು ಬರದಿದ್ದರೆ ಆಲ್ಬಮ್ ಬಿಡುಗಡೆಯೇ ಇಲ್ಲ ಎಂದು ಕಂಪನಿ ಎರಡು ಸಲ ಬರೆದಿತ್ತು.

ಬೀದರಿನ ಮೈಲೂರಿನ ವಿಶಾಖಾಳಿಗೆ ಇದು ಮೊದಲ ಆಲ್ಬಮ್. ಹೆಸರು ‘ಜೋಡಿ ದನಿ’. ಗಿಟಾರು, ಡ್ರಮ್ಮುಗಳ ಜೊತೆಗೆ ಈ ಸೀಮೆಯ ಹಳೆಯ ಪದಗಳು. ಪ್ರತಿಯೊಂದರಲ್ಲೂ ಎರಡು ದನಿ. ಏಳರಲ್ಲಿ ಒಂದು ದನಿ ಅವಳದೇ. ಎಂಟನೆಯದರಲ್ಲಿ ಅವಳು ಗಿಟಾರು ಮಾತ್ರ ನುಡಿಸಿದ್ದಳು. ಅದು ಬೀಸುಕಲ್ಲಿನಲ್ಲಿ ತೊಗರಿ ಒಡೆಯುವಾಗ ಹೇಳುವ ಪದ. ಔರಾದಿನಲ್ಲಿ ಗುಂಡಮ್ಮನಿಂದ ಒಂದು ದಿನ, ಇಲ್ಲಿ ಸುಭದ್ರಾಬಾಯಿಯಿಂದ ಇನ್ನೊಂದು ದಿನ ಹಾಡಿಸಿಕೊಂಡು, ಬೀದರಿನ ಗಾಂಧಿ ಗಂಜಿನ ಸ್ಟುಡಿಯೋದಲ್ಲಿ ಎರಡನ್ನೂ ಜೋಡಿಸಿದ್ದಳು. ನಿಮ್ಮ ಜೊತೆ ನಾನು ಹಾಡುತ್ತೇನೆ ಎಂದು ಇಬ್ಬರಿಗೂ ಹೇಳಿ ಬಂದಿದ್ದಳು.

ಹಿಂದೆ ಒಂದೇ ಊರಿನಲ್ಲಿದ್ದ ಅವರಿಬ್ಬರ ನಡುವೆ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ ಎಂಬುದು ಗೊತ್ತಾದದ್ದು ಅಂದು ಬೆಳಿಗ್ಗೆ ಔರಾದಿನಲ್ಲಿ. ಗುಂಡಮ್ಮ ಹಾಡು ಕೇಳಲೂ ಒಪ್ಪಲಿಲ್ಲ. “ಮೊದಲ ಸುಭದ್ರಾ ಕೇಳ್ಲಿ. ಅಕಿ ಹೂಂ ಅಂದ್ರ ನಂದೂ ಹೂಂ. ಒಲ್ಲೆ ಅಂದ್ರ ನನ್ನ ದನಿ ತಗದುಬಿಡು” ಎಂದು ಪತ್ರಕ್ಕೆ ಸಹಿ ಹಾಕಿ ಕಳಿಸಿದ್ದಳು.

ಈಗ ವಿಶಾಖಾ ಎಲ್ಲವನ್ನೂ ಹೇಳಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಸೊಸೆ ಉಜ್ವಲಾ ಚಹಾ ತಂದಿಟ್ಟು ಅಲ್ಲೇ ನಿಂತಳು.

“ಗುಂಡಿ ಸಂಗಟ ಹಾಡಸ್ತೇನಿ ಅಂತ ಅವತ್ತ ಯಾಕ ಹೇಳ್ಲಿಲ್ಲ?” ಸುಭದ್ರಾಬಾಯಿ ಕೇಳಿದಳು.

“ಅಂಜಿಕಿ ಆಗಿತ್ರಿ ಆಯಿ. ಯಾರರ ಒಬ್ಬರು ಒಲ್ಲೆ ಅಂದ್ರ ಹಾಡೇ ಹೋಗ್ತದಂತ.”

“ಹೇಳಿದ್ರ ಒಲ್ಲೆ ಅಂತಿದ್ದೆ. ಖರೇನ ಅದ ಅಂಜಿಕಿ.” ಮುದುಕಿ ಇಯರ್‌ಫೋನಿಗೆ ಕೈ ಚಾಚಿದಳು. “ಹಚ್ಚು, ಕೇಳ್ತೇನಿ.”

ಒಂದು ನಿಮಿಷವೂ ಆಗಿರಲಿಲ್ಲ. ಸುಭದ್ರಾಬಾಯಿ ಎರಡೂ ಇಯರ್‌ಫೋನು ಕಿತ್ತು ಚಾಪೆಯ ಮೇಲೆ ಇಟ್ಟಳು.

“ಈಗೂ ಅದೇ ಬುದ್ಧಿ. ನನ್ನ ಸಾಲು ಮುಗಿಯೂದರಾಗ ಬಾಯಿ ಹಾಕ್ತಾಳ. ಹಿಂಗ ಹಾಡಿದ್ರ ಕಲ್ಲು ತಿರಗೂದಿಲ್ಲ, ಕೈಮ್ಯಾಲ ಕೈ ಬೀಳ್ತಾವ. ಹನ್ನೊಂದು ವರ್ಷ ಒಂದ ಕಲ್ಲಿನ ಮುಂದ ಕುಂತಾಕಿಗಿ ಇದು ಗೊತ್ತಿಲ್ಲೇನು? ತಗದು ಹಾಕು. ನಂದೂ ಬ್ಯಾಡ.”

“ಅತ್ತಿ, ಸ್ವಲ್ಪ ತಡೀರಿ...”

“ನೀ ಸುಮ್ಮ ಇರು ಉಜ್ವಲಾ. ನಿನ್ನ ಲಗ್ನದಾಗೇ ಅಲ್ಲೇನು? ನನ್ನ ಕೈಲಿ ಒಡದ ಬ್ಯಾಳಿ ಹನ್ನೊಂದು ವರ್ಷ ಉಂಡಾಕಿ, ನಮ್ಮ ಮನಿ ಪಂಕ್ತಿಗಿ ಕೂಡ್ಲಿಲ್ಲ. ಅಕಿ ಗಂಡ ಶಿವರಾಜಪ್ಪ ಕಣ್ಣು ಸನ್ನಿ ಮಾಡ್ದ, ಇಕಿ ಎದ್ದು ಹೋದಳು. ಮನ್ಯಾಗ ಬಸವಣ್ಣನ ಫೋಟೋಕ್ಕ ದಿನಾ ಹೂವು ಏರಸ್ತಾರ!”

ನಾಲ್ಕು ಗಂಟೆ ನಲವತ್ತು. ಸ್ಟುಡಿಯೋದಲ್ಲಿ ಹಾಡು ಜೋಡಿಸಿಕೊಡುವ ಗೌರವನ ಮೂರನೆಯ ಕರೆ ಬಂತು, ವಿಶಾಖಾ ಎತ್ತಲಿಲ್ಲ. ಮುದುಕಿಯ ಒಂದು ಮಾತು ಅವಳ ತಲೆಯಲ್ಲಿ ನಿಂತಿತ್ತು. ಗುಂಡಮ್ಮ ಬಾಯಿ ಹಾಕಿರಲಿಲ್ಲ. ಔರಾದಿನಲ್ಲಿ ಅವಳು ಒಂದು ಸಾಲು ಹಾಡುತ್ತಿದ್ದಳು, ಸುಮ್ಮನಾಗುತ್ತಿದ್ದಳು, ಮತ್ತೆ ಹಾಡುತ್ತಿದ್ದಳು. ವಯಸ್ಸಾಗಿದೆ, ಪದ ಮರೆಯುತ್ತಿದ್ದಾಳೆ ಎಂದುಕೊಂಡಿದ್ದಳು ವಿಶಾಖಾ. ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ ತೆಗೆಯುವಂತೆ ಗೌರವನಿಗೆ ಹೇಳಿದವಳೂ ಅವಳೇ.

“ಆಯಿ, ಇನ್ನೊಂದ ಸಲ ಕೇಳ್ರಿ. ಇದು ನಾ ಕತ್ತರಿ ಹಾಕೂಕಿಂತ ಮೊದಲಿನದು.”

“ಬ್ಯಾಡಂದೆ.”

“ಗುಂಡಮ್ಮನ ತಪ್ಪಿಲ್ರಿ. ನನ್ನ ತಪ್ಪದ. ಕೇಳಿದ ಮ್ಯಾಲ ಬ್ಯಾಡಂದ್ರ ಎದ್ದು ಹೋಗ್ತೇನಿ.”

ಉಜ್ವಲಾ ಅತ್ತೆಯ ಒಪ್ಪಿಗೆಗೆ ಕಾಯಲಿಲ್ಲ. ಇಯರ್‌ಫೋನನ್ನು ತಾನೇ ಅತ್ತೆಯ ಕಿವಿಗೆ ಇಟ್ಟಳು. “ಪುಕ್ಕಟ ಅದ, ಕೇಳ್ರಿ” ಎಂದಳು.

ಮೂಲ ಧ್ವನಿಮುದ್ರಣ ಶುರುವಾಯಿತು. ಗುಂಡಮ್ಮನ ಮೊದಲ ಸಾಲು ವಿಶಾಖಾಳಿಗೆ ಬಾಯಿಪಾಠವಾಗಿತ್ತು: ‘ಕಲ್ಲಿನ ಗೂಟಕ್ಕ ಕೈ ಎರಡು ಕೂಡ್ಯಾವ.’ ಬಳಿಕ ಆರು ಸೆಕೆಂಡು ಏನೂ ಇಲ್ಲ. ಎರಡನೆಯ ಸಾಲು. ಮತ್ತೆ ಆರು ಸೆಕೆಂಡು.

ಸುಭದ್ರಾಬಾಯಿಯ ಬಲಗೈ ಮಂಡಿಯ ಮೇಲೆ ಸುತ್ತತೊಡಗಿತು. ನಾಲ್ಕನೆಯ ಸಾಲಿನ ಬಳಿಕ ಕೈ ನಿಂತಿತು.

“ನಿಂದರಸು” ಎಂದಳು. “ನನ್ನ ಸಾಲಿಗಿ ಜಾಗ ಬಿಟ್ಟಾಳ.”

“ಹೌದ್ರಿ.”

“ಅವತ್ತ ನೀ ಬಂದಾಗ ನಾ ಎರಡೂ ಪಾಲು ಒಬ್ಬಾಕಿನೇ ಹಾಡಿದೆ. ಅಕಿ ನೆನಪ ಬ್ಯಾಡಂತ.” ಇಯರ್‌ಫೋನು ಸರಿಮಾಡಿಕೊಂಡಳು. “ಮೊದಲಿಂದ ಹಚ್ಚು.”

ವಿಶಾಖಾ ಚೀಲದಿಂದ ರೆಕಾರ್ಡರ್ ತೆಗೆದು ಮುದುಕಿಯ ಮುಂದೆ ಇಟ್ಟಳು. ಉಜ್ವಲಾ ಫ್ಯಾನು ಆರಿಸಿದಳು. ಗುಂಡಮ್ಮ ಕಿವಿಯೊಳಗೆ ಹಾಡಿದಳು. ಕೋಣೆಯಲ್ಲಿ ಕೇಳಿದ್ದು ಸುಭದ್ರಾಬಾಯಿಯ ದನಿ ಮಾತ್ರ: ‘ಬಳಿ ಸದ್ದು ಯಾರದು ಅನಬ್ಯಾಡ.’ ಆರು ಸೆಕೆಂಡು ಅವಳಿಗೆ ಸರಿಯಾಗಿ ಸಾಕಾಯಿತು. ಹೀಗೆ ಏಳು ಸಾಲು. ಎಂಟನೆಯದು ಕೊನೆಯದು. ಅಲ್ಲಿ ಗುಂಡಮ್ಮ ಕೇಳುತ್ತಾಳೆ: ‘ಕಾಳು ಮುಗದಾವೇನ, ಎದ್ದು ಹೋಗಲೇನ?’ ಉತ್ತರ ಏನೆಂದು ವಿಶಾಖಾಳಿಗೆ ಗೊತ್ತಿತ್ತು. ಹಿಂದಿನ ಸಲ ಸುಭದ್ರಾಬಾಯಿ ಒಬ್ಬಳೇ ಹಾಡಿದಾಗ ಅದೂ ಬಂದಿತ್ತು: ‘ಇನ್ನೊಂದು ಹಿಡಿ ಅದ, ಕೂಡವ್ವ.’

ಈ ಸಲ ಸುಭದ್ರಾಬಾಯಿ ತುಟಿ ಬಿಗಿದು ಕೂತಳು. ಒಂಬತ್ತು ಸೆಕೆಂಡು ಕಳೆದು ಧ್ವನಿಮುದ್ರಣ ಮುಗಿಯಿತು.

“ಆಯಿ, ಅದೊಂದು ಸಾಲು...”

“ಅದು ಫೋನಿಗಿ ಹೇಳೂ ಮಾತಲ್ಲ. ಕೂಡವ್ವ ಅಂತ ಅಕಿ ಎದುರಿಗಿ ಅನಬೇಕು. ಅಕಿ ಬಂದು ಉಣ್ಣಾಕ ಕೂಡ್ಲಿ, ಆಗ ಅಂತೇನಿ.” ಕೈ ಚಾಚಿದಳು. “ಪತ್ರ ಕೊಡು.”

ಐದು ಗಂಟೆ ಹದಿನೆಂಟಕ್ಕೆ ಸಹಿ ಬಿತ್ತು. ಮನೆಯೊಳಗೆ ಕರೆ ಬರುತ್ತಿತ್ತು, ಇಂಟರ್‌ನೆಟ್ ಸಿಗುತ್ತಿರಲಿಲ್ಲ. ವಿಶಾಖಾ ಮಾಳಿಗೆ ಹತ್ತಿ, ರೆಕಾರ್ಡಿಂಗನ್ನೂ ಪತ್ರವನ್ನೂ ಗೌರವನಿಗೆ ಕಳಿಸಿದಳು. ಅವು ತಲುಪಲು ಹನ್ನೊಂದು ನಿಮಿಷ ಹಿಡಿಯಿತು. ಐದು ನಲವತ್ತೊಂದಕ್ಕೆ ಅವನ ಕರೆ ಬಂತು.

“ಕೂಡಿಸೇನಿ. ಛಂದ ಕುಂತದ. ಆದ್ರ ಕೊನಿಗಿ ಒಂಬತ್ತು ಸೆಕೆಂಡು ಬರೇ ಖಾಲಿ ಅದಲ್ಲ? ಗಿಟಾರೂ ಇಲ್ಲ. ಅವರು ಫೈಲ್ ಕೆಟ್ಟದ ಅಂತ ವಾಪಸ್ ಕಳಸ್ತಾರ. ಹಳೇದ್ರಾಗ ಆ ಸಾಲು ಅದ. ತಂದು ಅಂಟಸ್ತೇನಿ, ಎರಡ ನಿಮಿಷದ ಕೆಲಸ.”

ವಿಶಾಖಾ ಕೆಳಗೆ ನೋಡಿದಳು. ಅಂಗಳದಲ್ಲಿ ಸುಭದ್ರಾಬಾಯಿ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು.

“ಅಂಟಸಬ್ಯಾಡ.”

“ವಾಪಸ್ ಬಂದ್ರ? ಎಂಟೂ ಹೋಗ್ತಾವ ವಿಶಾಖಾ. ಎರಡು ವರ್ಷದ ಕೆಲಸ.”

“ಗೊತ್ತದ. ಖಾಲಿ ಬೇಕಂತಲೇ ಬಿಟ್ಟದ್ದು ಅಂತ ಬರದು ಕಳಸು. ಕತ್ತರಸಬ್ಯಾಡ, ತುಂಬಬ್ಯಾಡ.”

ಗೌರವ ಏನೋ ಗೊಣಗಿ ಕರೆ ಕಡಿದ. ಐದು ಐವತ್ತಮೂರಕ್ಕೆ ಒಂದೇ ಪದದ ಸಂದೇಶ ಬಂತು: ಹೋತು. ಕಂಪನಿಯ ಉತ್ತರ ನಾಳೆ ಬೆಳಿಗ್ಗೆಗೆ ಮುಂಚೆ ಬರುವಂತಿರಲಿಲ್ಲ.

ಅವಳು ಕೆಳಗಿಳಿದಳು.

“ಜಾಗ ಹಂಗೇ ಬಿಟ್ಟೀ?” ಸುಭದ್ರಾಬಾಯಿ ಕೇಳಿದಳು.

“ಬಿಟ್ಟೇನ್ರಿ ಆಯಿ.”

“ಹಂಗಾದ್ರ ಅಕಿಗಿ ಅದನ್ನ ಪೂರಾ ಕೇಳಸು. ನಡಬರಕ ಬಂದ್ ಮಾಡಬ್ಯಾಡ.”