ಮೆಲ್ವಾಳ ಹತ್ತು ಅಂಕಿ

"ಏಯ್ ಮುದುಕಿ, ನಿನ್ ಬಾಯಿಗೆ ಮಣ್ಣು ಹಾಕ! ಒಂದೇ ನಂಬರು ಎಷ್ಟ್ ಸಲ ಒದರ್ತೀಯ?"

ದ್ವೀಪನಾಡಿನ ರಾಜಧಾನಿ ಹೊನಿಯಾರದಲ್ಲಿ, ಮರ ಕಡಿಯುವ ಕಂಪನಿಯ ಕಚೇರಿಯಲ್ಲಿ ಗುಮಾಸ್ತ ಹೆಡ್ಲಿ ಗದರಿದ. ನೆಸ್ಟಾ ಬಾಯಿ ಮುಚ್ಚಲಿಲ್ಲ. ಸಮಾಧಿಯ ಜಾಗವನ್ನು ಕಂಪ್ಯೂಟರಿಗೆ ಹಾಕಿಸಿದರೆ ಮಾತ್ರ ಯಂತ್ರಗಳು ಅದನ್ನು ಬಿಟ್ಟು ಹೋಗುತ್ತವೆ ಎಂದು ಕಂಪನಿಯವರು ಹೇಳಿದ್ದರು. ಮಗಳು ಮೆಲ್ವಾ ಮಲಗಿದ್ದ ತಾಣವನ್ನು ಭೂಮಾಪಕ ಅಳೆದು, ನಕ್ಷೆಯ ಅಂಕಿಗಳಲ್ಲಿ ಬರೆದುಕೊಟ್ಟಿದ್ದ. ದೋಣಿಯಲ್ಲಿ ಆ ಕಾಗದ ನೆನೆದೀತೆಂದು ಆಕೆ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

"ಎಂಟು, ಒಂಬತ್ತು, ಒಂದು, ಎರಡು, ಎಂಟು, ನಾಕು, ಏಳು. ಆಮ್ಯಾಕೆ ಚುಕ್ಕಿ. ಮೂರು, ಒಂದು, ಆರು."

ಹೆಡ್ಲಿ ಕೀಲಿಗಳನ್ನು ಕುಟ್ಟಿದ. ಪರದೆಯ ಪೆಟ್ಟಿಗೆಯಲ್ಲಿ ಮೂಡಿದ್ದೇ ಬೇರೆ: 8.91E+06.

"ಮಿಕ್ಕಿದ್ದೆಲ್ಲ ಎಲ್ಲೋಯ್ತಪ್ಪಾ?"

"ಉದ್ದ ಇದ್ರೆ ಅದೇ ಮಡಚ್ಕೊಳುತ್ತೆ. ಎರಡೂ ಒಂದೇ."

"ಒಂದೇ ಎಂಗಾಯ್ತದೆ? ನಾ ಹೇಳಿದ್ದು ಹತ್ತು. ಮೊದಲ್ನೇ ಮೂರು ಬಿಟ್ರೆ ಯಾವ್ದೂ ಕಾಣಾಕಿಲ್ಲ."

"ನಂಗೇ ಲೆಕ್ಕ ಕಲಿಸ್ತೀಯೇನೇ, ಕಾಡು ಮುಂಡೆ? ಹೆಬ್ಬೆಟ್ಟು ಒತ್ತು, ಜಾಗ ಖಾಲಿ ಮಾಡು."

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ನೆಸ್ಟಾ ನಾಚಿ ಒತ್ತಿಬಿಟ್ಟಳು. ಆ ನಾಚಿಕೆಗೆ ಬೆಂಕಿ ಬೀಳಲಿ!

ತಿಂಗಳು ಕಳೆದು, ಊರಿನಲ್ಲಿ ಗೆಣಸು ಅಗೆಯುತ್ತಿದ್ದವಳು ಸದ್ದು ಕೇಳಿ ಓಡಿದಳು. ಬುಲ್ಡೋಜರ್ ಅಷ್ಟರಲ್ಲಿ ಸಮಾಧಿಯ ಮೇಲೆ ಹಾದುಹೋಗಿತ್ತು. ತಲೆದೆಸೆಗೆ ಆಕೆ ನೆಟ್ಟಿದ್ದ ಕೆಂಪೆಲೆಯ ಗಿಡ ಬೇರು ಮೇಲಾಗಿ ಬಿದ್ದಿತ್ತು.

"ನನ್ ಕೂಸು ಕಣೋ! ನನ್ ಕೂಸಿನ ಮ್ಯಾಲೆ ಗಾಡಿ ಹತ್ತಿಸ್ಬಿಟ್ಯಲ್ಲೋ!"

ಚಾಲಕ ಇಳಿದು ಬಂದು ನಕ್ಷೆ ತೋರಿಸಿದ. "ಇದ್ರಾಗೆ ನಿನ್ ಮಗಳ ಗುರುತು ಸಮುದ್ರದಾಗೈತೆ, ಅವ್ವಾ. ಮುಕ್ಕಾಲು ಗಂಟೆ ನಡಿಗೆ ದೂರ. ಕಚೇರಿಯಿಂದ ಬಂದಿದ್ರಾಗೆ ಮೂರು ಅಂಕಿ ಆದ್ಮೇಲೆ ಬರೀ ಸೊನ್ನೆ. ನಂಗೆಂಗ್ ಗೊತ್ತಾಗ್ಬೇಕು?"

ನೆಸ್ಟಾ ಮಂಡಿಯೂರಿ ಮಣ್ಣು ಕೆದಕತೊಡಗಿದಳು. ಚಾಲಕನೂ ಪಕ್ಕದಲ್ಲಿ ಕೂತು ಕೆದಕಿದ. ಕತ್ತಲಾಗುವ ಮೊದಲು ಸಿಕ್ಕಷ್ಟನ್ನು ಬುಟ್ಟಿಗೆ ತುಂಬಿಕೊಂಡಳು.

ಮರುದಿನ ದೋಣಿ ಹತ್ತಿ ಹೊನಿಯಾರಕ್ಕೆ ಹೋದಳು. ಸಾಲು ದಾಟಿ ಒಳನುಗ್ಗಿ ಹೆಡ್ಲಿಯ ಮೇಜಿನ ಮೇಲೆ ಬುಟ್ಟಿ ಬೋರಲು ಹಾಕಿದಳು. ಮಣ್ಣು, ಎಲುಬು, ಹರಿದ ಚಾಪೆಯ ಚೂರು ಕೀಲಿಮಣೆಯ ಮೇಲೆಲ್ಲ ಚೆಲ್ಲಿದವು. ಹೆಡ್ಲಿ ಕುರ್ಚಿಯಿಂದ ಹಾರಿ ಗೋಡೆಗೆ ಅಂಟಿದ.

"ಎಣಿಸ್ಕೊಳೋ, ಬೇವರ್ಸಿ. ಒಂದೂ ಬಿಡಬ್ಯಾಡ."

ಕಾವಲುಗಾರರಿಬ್ಬರು ಬಂದು ಆಕೆಯ ರಟ್ಟೆ ಹಿಡಿದರು. ಆಕೆ ಮೇಜು ಬಿಡಲಿಲ್ಲ.

"ನನ್ ಕೂಸಿನ ಎಡಗೈ ಬೆರಳು ನಂಗೂ ಸಿಗ್ಲಿಲ್ಲ" ಎಂದಳು.