‘ನಮ್ಮ ಜಿಲ್ಲೆ’ ಎಂಬ ಫಲಕ

ರಾತ್ರಿ ಹನ್ನೊಂದು ದಾಟಿದ ಮೇಲೆ ಹೊಲಿಗೆಯ ಸೂಜಿ ಜಾರಿ ತಟ್ಟೆಗೆ ಬಿತ್ತು. ಅಷ್ಟು ಸಣ್ಣ ಸದ್ದಿಗೇ ನಿರ್ಮಲಾ ಬೆಚ್ಚಿದಳು. ತೊಡೆಯ ಮೇಲೆ ನಾಳೆಯ ಶಾಲಾ ಕಾರ್ಯಕ್ರಮದ ಎರಡು ವೇಷಗಳಿದ್ದವು. ಇಳಕಲ್ ಸೀರೆ, ಕುಪ್ಪಸ ತೊಟ್ಟವಳು ‘ನಮ್ಮ ಜಿಲ್ಲೆ’ ಫಲಕ ಹಿಡಿಯಬೇಕು. ರಾಣೆಬೆನ್ನೂರಿನಿಂದ ಬಾಡಿಗೆಗೆ ತಂದ ಮಿರಿಮಿರಿ ಲಂಗದವಳು ‘ಬಿಹಾರ’. ಸೀರೆ ಮೆಣಸಿನಕಾಯಿ ವ್ಯಾಪಾರಿಯ ಮಗಳು ಸುಶ್ಮಿತಾಗೆ, ಲಂಗ ಮೈಲವ್ವನಿಗೆ ಎಂದು ಹೆಡ್‌ಮಾಸ್ತರ ಶಂಭುಲಿಂಗ ಅಪ್ಪಣೆ ಮಾಡಿದ್ದರು.

ಮೈಲವ್ವನ ಅಪ್ಪ ಅವ್ವ ಬಿಹಾರದವರು. ಅಪ್ಪ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲ, ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಮೈಲಾರಲಿಂಗನಿಗೆ ಹರಕೆ ಹೊತ್ತು ಇಲ್ಲೇ ಹಡೆದ ಮಗಳು, ಅದಕ್ಕೇ ಆ ಹೆಸರು. ಬಿಹಾರವನ್ನು ಅವಳು ಕಂಡಿದ್ದು ನಕಾಶೆಯಲ್ಲಿ ಮಾತ್ರ.

“ಸರ್, ನಾ ‘ನಮ್ಮ ಜಿಲ್ಲೆ’ ಹಿಡೀತೇನ್ರಿ,” ಎಂದು ಮೂರು ದಿನ ಬೇಡಿಕೊಂಡಿದ್ದಳು.

“ನಿನ್ನ ಬೇರು ನೀ ಮರೀಬಾರದವ್ವ.”

ಹಾವೇರಿಯಲ್ಲಿ ಎರಡು ದಿನ ‘ಬಹುಸಂಸ್ಕೃತಿ ತರಬೇತಿ’ಯ ಊಟ ಉಂಡು ಫೈಲು ಹಿಡಿದು ಬಂದಾಗಿನಿಂದ ಶಂಭುಲಿಂಗರಿಗೆ ಮಕ್ಕಳಿಗಿಂತ ಅವರ ಬೇರುಗಳೇ ಹೆಚ್ಚು ಕಾಣುತ್ತಿದ್ದವು.

ನಿರ್ಮಲಾ ಅತಿಥಿ ಶಿಕ್ಷಕಿ. ಹೆಡ್‌ಮಾಸ್ತರು ಅವಳ ವಿರುದ್ಧ ಒಂದು ಸಾಲು ಬರೆದರೆ ಜೂನ್‌ನಲ್ಲಿ ಅವಳಿಗೆ ಕೆಲಸವಿಲ್ಲ. ಆದರೂ ಸೂಜಿ ಎತ್ತಿಕೊಂಡು, ಕುಪ್ಪಸವನ್ನು ಮೈಲವ್ವನ ಬಡಕಲು ಮೈಯ ಅಳತೆಗೆ ಕಿರಿದು ಮಾಡಿ ಹೊಲಿದಳು.

ಮರುದಿನ ಶಂಭುಲಿಂಗ ಕಾರ್ಯಕ್ರಮದ ಮುಖ್ಯ ಅತಿಥಿಯನ್ನು ಕರೆತರಲು ಸ್ಟೇಷನ್ನಿಗೆ ಹೋದರು. ಇತ್ತ ನಿರ್ಮಲಾ ಸೀರೆಯನ್ನು ಮೈಲವ್ವನಿಗೆ ಉಡಿಸಿ ಲಂಗವನ್ನು ಮುಂದಿಟ್ಟದ್ದೇ ಸುಶ್ಮಿತಾ ಕುಣಿದಳು. “ನನಗ ಇದ ಇರ್ಲಿ ಟೀಚರ್! ಆ ಸೀರಿ ನಮ್ಮಜ್ಜಿ ಉಡತಾಳ!”

ತರಬೇತಿ ಕೊಟ್ಟ ತಜ್ಞರೇ ಅತಿಥಿ. ಸಾಲಿನ ಮುಂದೆ ಬಂದು ಸೀರೆಯವಳ ತಲೆ ಸವರಿದರು. “ಹೆಸರೇನವ್ವ? ಮೈಲವ್ವ! ನೋಡ್ರಿ, ನಮ್ಮ ಮಣ್ಣಿನ ಗುರುತು ಮುಖದ ಮ್ಯಾಲೇ ಐತಿ.”

ಪಕ್ಕದಲ್ಲಿ ‘ಬಿಹಾರ’ದ ಲಂಗ ತೊಟ್ಟ ಸುಶ್ಮಿತಾ ಬಾಯಿ ಹಾಕಿದಳು. “ಚಾ ಆತೇನ್ರಿ ಸರ್?”

“ಅಬ್ಬಬ್ಬಾ! ಬಿಹಾರದ ಹುಡುಗಿಗೆ ಎಷ್ಟು ಚಂದ ಕನ್ನಡ ಕಲಿಸೀರಿ ಮಾಸ್ತರ!”

ಶಂಭುಲಿಂಗ ಬಾಯಿ ತೆರೆದರು, ನಿರ್ಮಲಾಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಕೈ ಮುಗಿದು, “ಭಾಳ ಕಷ್ಟಪಟ್ಟೇವ್ರಿ ಸರ್,” ಎಂದರು.

ಸುಶ್ಮಿತಾ ಕಿಸಕ್ಕನೆ ನಕ್ಕಳು. ಮೈಲವ್ವ ನಗಲಿಲ್ಲ, ಫಲಕ ಇಳಿಸಲಿಲ್ಲ.

ಆ ಹೊಗಳಿಕೆ ನುಂಗಿದ ಮೇಲೆ ಶಂಭುಲಿಂಗ ತನ್ನ ವಿರುದ್ಧ ಏನನ್ನೂ ಬರೆಯುವಂತಿಲ್ಲ ಎಂದು ನಿರ್ಮಲಾಗೆ ಹೊಳೆಯಿತು.

ಸಂಜೆ ಗಂಡ ಪ್ರೇಮಕುಮಾರ ಕೇಳಿದ: “ಹೆಂಗಾತು ನಿಮ್ಮ ಪ್ರೋಗ್ರಾಮು?”

ಹೇಳಿದರೆ ಅವನು ನಕ್ಕು ನಾಲ್ಕು ಮಂದಿಗೆ ಹೇಳುತ್ತಾನೆ. ವೇಷ ಅದಲುಬದಲಾದದ್ದು ತಜ್ಞರ ಕಿವಿಗೆ ಬಿದ್ದರೆ ಇನ್ನೊಂದು ತರಬೇತಿ, ಇನ್ನೊಂದು ಫೈಲು; ಮುಂದಿನ ವರ್ಷ ಮೈಲವ್ವನಿಗೆ ಮತ್ತದೇ ಬಾಡಿಗೆ ಲಂಗ. ಯಾರಿಗೂ ಹೇಳಬಾರದೆಂದು ಅವಳು ಅಲ್ಲೇ ನಿಶ್ಚಯಿಸಿದಳು.

“ಚಲೋ ಆತು,” ಎಂದು ಸೂಜಿಯನ್ನು ಡಬ್ಬಿಗೆ ಹಾಕಿದಳು.